ಒಳಲೆ ಬಿಟ್ಟ ಮೇಲೆ

ಹಸುಗೂಸಿಗೆ ಒಳಲೆಯುಂಟು, ದೊಡ್ಡವರಿಗೆ ಲೋಟವುಂಟು. ಇವೆರಡರ ನಡುವಣ ಅವಧಿಗೆ ಏನುಂಟು ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಕೇಳಿಕೊಂಡಂತೆ ತೋರುವುದಿಲ್ಲ. ಪೇಟೆಯವರು ಕೇಳಿಕೊಂಡಿದ್ದಾರೆ, ಉತ್ತರವನ್ನು ಬಣ್ಣಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಮಾಡಿ ಅಂಗಡಿಯ ಮುಂದೆ ತೂಗುಹಾಕಿಯೂ ಇದ್ದಾರೆ. ಒಂದು ಲೋಟ, ಅದಕ್ಕೊಂದು ತಿರುಪಿನ ಮುಚ್ಚಳ, ಮುಚ್ಚಳದ ಮೇಲೊಂದು ಮೂತಿ, ಎರಡು ಪಕ್ಕಗಳಲ್ಲಿ ಎರಡು ಹಿಡಿ. ಇದರ ಹೆಸರು ಸಿಪ್ಪರ್. ಕಳೆದ ಮಳೆಗಾಲದಲ್ಲಿ ನಮ್ಮ ಮಗುವಿಗೆ ಹದಿಮೂರು ತಿಂಗಳು ತುಂಬಿದಾಗ ಈ ವಸ್ತುವಿನ ಗುಣಾವಗುಣಗಳನ್ನು ನಾವು ವಿಚಾರಿಸಬೇಕಾಗಿ ಬಂದಿತು.

ಇದೇನು ಮಹಾವಿಷಯವೆಂದು ಉಪಾಧ್ಯಾಯಬಂಧುಗಳು ನಗಬಾರದು. ಒಂದನೆಯ ತರಗತಿಗೆ ಹೊಸದಾಗಿ ಸೇರುವ ಮಕ್ಕಳ ಬಾಯನ್ನು ನೋಡಿದವರು ನಗಲಾರರು. ಮೇಲಿನ ಮುಂದಣ ಹಲ್ಲುಗಳು ಕಪ್ಪಾಗಿ, ಸವೆದು, ಒಸಡಿನ ಮಟ್ಟಕ್ಕೆ ಇಳಿದಿರುವ ಮಕ್ಕಳನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಸಕ್ಕರೆ ಹಾಕಿದ ಹಾಲನ್ನೋ ಚಹಾವನ್ನೋ ರಬ್ಬರು ತೊಟ್ಟಿನ ಸೀಸೆಯಲ್ಲಿ ತುಂಬಿ, ಮಗು ಅದನ್ನು ಚೀಪುತ್ತಲೇ ನಿದ್ದೆಹೋಗುವಂತೆ ಮಾಡಿದರೆ, ಮೊದಲು ಕೆಡುವುವು ಆ ಹಲ್ಲುಗಳೇ. ಕೆಳಗಿನವನ್ನು ನಾಲಗೆ ಮುಚ್ಚಿಕೊಂಡಿರುತ್ತದೆ. ಮೇಲಿನವುಗಳಿಗೆ ಆ ರಕ್ಷಣೆಯಿಲ್ಲ. ಸೀಸೆಯನ್ನು ಬಿಡಿಸಿ ಲೋಟವನ್ನು ಹಿಡಿಸುವ ಕಾರ್ಯವು ಮೊದಲನೆಯ ಹುಟ್ಟುಹಬ್ಬದ ಹೊತ್ತಿಗೆ ನಡೆಯಬೇಕೆಂದು ದಂತವೈದ್ಯರು ಹೇಳುವುದು ಇದರಿಂದಲೇ.

ನಾವಿರುವ ತೋಲ್ಪೆಟ್ಟಿಯು ಮಾನಂದವಾಡಿಯಿಂದ ಕುಟ್ಟಕ್ಕೆ ಹೋಗುವ ಮಾರ್ಗದಲ್ಲಿ ಕೇರಳದ ಅಂಚಿನ ಊರು. ಕಾಡು, ಕಾಫಿ, ಮೆಣಸಿನ ಬಳ್ಳಿ, ಮತ್ತು ಮಳೆ. ಬೆಳಿಗ್ಗೆ ನಾವಿಬ್ಬರೂ ತನಿಖಾ ಠಾಣೆಯನ್ನು ದಾಟಿ ಕೊಡಗಿನ ಕನ್ನಡ ಶಾಲೆಗೆ ಹೊರಟರೆ ಮರಳಿ ಬರುವುದು ಸಂಜೆಗೆ. ಹಗಲೆಲ್ಲ ಮಗು ನಮ್ಮ ತಾಯಿಯವರ ವಶ. ಅವರಿಗೆ ಕಣ್ಣಿನಲ್ಲಿ ಪೊರೆ ಬರತೊಡಗಿದೆ. ಬೆರಳ ಗಂಟುಗಳು ಮಳೆಗಾಲದಲ್ಲಿ ಮಡಿಸಲೊಲ್ಲವು. ಲೋಟವನ್ನು ಕೊಳ್ಳುವವರು ನಾವು, ದಿನಕ್ಕೆ ಆರೇಳು ಸಲ ತೊಳೆಯುವವರು ಅವರು. ಈ ಸಂಗತಿಯನ್ನು ಯಾವ ಅಂಗಡಿಯವನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ತಾಯಿಯವರ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿಯ ಒಳಲೆಯಿದೆ. ನಾವೂ ನಮ್ಮ ಒಡಹುಟ್ಟಿದವರೂ ಅದರಲ್ಲಿಯೇ ಕುಡಿದು ಬೆಳೆದವರು. ನೆರೆಮನೆಯ ಮಲಯಾಳಿ ಅಮ್ಮನವರು ಅದನ್ನು ಕಂಡು ‘ಗೋಕರ್ಣಂ’ ಎಂದರು. ಹಸುವಿನ ಕಿವಿಯ ಆಕಾರವಷ್ಟೆ. ಹೆಸರು ಬಹಳ ಒಪ್ಪುತ್ತದೆ. ತಮಿಳರಲ್ಲಿ ಇದೇ ಪಾಲಡೈ. ಮೂರು ಭಾಷೆಗಳು ಮೂರು ಹೆಸರಿಟ್ಟು ಬಳಸಿದ ಈ ಪುಟ್ಟ ಪಾತ್ರೆಯನ್ನು ಇಂದಿನ ಆಸ್ಪತ್ರೆಗಳೂ ಕೈಬಿಟ್ಟಿಲ್ಲ. ತೂಕ ಕಡಿಮೆಯಿರುವ, ಮೊಲೆಯನ್ನು ಚೀಪಲಾರದ ನವಜಾತ ಶಿಶುಗಳಿಗೆ ತಾಯಿಯ ಹಾಲನ್ನು ಹಿಂಡಿ ಪಾಲಡೈಯಿಂದ ಕುಡಿಸುತ್ತಾರೆ. ಸೀಸೆಯಲ್ಲಿ ಇರುವ ಇಕ್ಕಟ್ಟಾದ ಮೂಲೆಗಳು ಇದರಲ್ಲಿ ಇಲ್ಲ. ಎರಡು ಬೆರಳು ಆಡಿಸಿದರೆ ಪಾತ್ರೆಯೆಲ್ಲ ಶುದ್ಧ. ಆದರೆ ಹಿಂದಿನವರು ಮಗುವನ್ನು ಕಾಲಮೇಲೆ ಅಂಗಾತ ಮಲಗಿಸಿ, ಅದು ಅಳುತ್ತಿರುವಾಗಲೇ ಬಾಯಿಗೆ ಸುರಿಯುತ್ತಿದ್ದ ಕ್ರಮವನ್ನು ನಾವು ಒಪ್ಪಲಾರೆವು; ಹಾಲು ಶ್ವಾಸನಾಳಕ್ಕೆ ಹೋದರೆ ಪ್ರಾಣಾಪಾಯ. ತಲೆಯನ್ನು ಎತ್ತಿ ಹಿಡಿದು, ಮಗು ನುಂಗಿದಷ್ಟನ್ನೇ ತೊಟ್ಟುತೊಟ್ಟಾಗಿ ಬಿಡಬೇಕು.

ಒಳಲೆಯ ದೋಷ ಒಂದೇ: ಅದನ್ನು ಮಗು ತಾನೇ ಹಿಡಿಯಲಾರದು. ಹದಿಮೂರು ತಿಂಗಳ ಮಗುವಿಗೆ ತಾನೇ ಹಿಡಿಯಬೇಕೆಂಬ ಹಠ. ನಮ್ಮ ಮಗುವಂತೂ ಒಳಲೆಯನ್ನು ಕಂಡರೆ ಬಾಯನ್ನು ಬಿಗಿದು ಮೋರೆ ತಿರುವತೊಡಗಿ, ಹಗಲಿನಲ್ಲಿ ನೀರು ಕುಡಿಯುವುದೇ ಕಡಿಮೆಯಾಯಿತು. ಮೂತ್ರ ಹಳದಿಯಾಗಿ ಹೋಗುತ್ತಿದೆಯೆಂದು ತಾಯಿಯವರು ಒಂದು ಸಂಜೆ ಹೇಳಿದಾಗ ನಮಗೆ ಚಿಂತೆಯಾಯಿತು.

ಅದೇ ವಾರ ಬೆಂಗಳೂರಿನ ಬಂಧುಗಳೊಬ್ಬರು ಒಂದು ಸಿಪ್ಪರನ್ನು ಉಡುಗೊರೆಯಾಗಿ ತಂದುಕೊಟ್ಟರು. ತಲೆಕೆಳಗು ಮಾಡಿದರೂ, ಒಗೆದರೂ ಅದರಿಂದ ಒಂದು ಹನಿಯೂ ಚೆಲ್ಲದು. ಮಗುವಿಗೆ ಆನಂದವೋ ಆನಂದ. ತಾಯಿಯವರು ಅದನ್ನು ಕೈಯಲ್ಲಿ ಹಿಡಿದು, ಮುಚ್ಚಳವನ್ನು ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿ, “ಇದರೊಳಗೆ ಬೆರಳು ಹೋಗುವುದಿಲ್ಲವಲ್ಲಪ್ಪಾ, ತೊಳೆಯುವುದು ಹೇಗೆ?” ಎಂದು ಕೇಳಿದರು.

ನಾವು ಶಿಕ್ಷಕರ ತರಬೇತಿಯಲ್ಲಿ ಬಾಲಮನೋವಿಜ್ಞಾನವನ್ನು ಎರಡು ವರ್ಷ ಓದಿದವರು. ಲೋಟವೊಂದನ್ನು ಪರೀಕ್ಷಿಸಲು ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಅಲ್ಲಿ ಯಾರೂ ನಮಗೆ ಕಲಿಸಿರಲಿಲ್ಲ.

ಚೆಲ್ಲದ ಲೋಟದ ಗುಟ್ಟು ಅದರ ಕವಾಟದಲ್ಲಿದೆ. ಮೂತಿಯ ಕೆಳಗೆ ಮೆತುವಾದ ಸಿಲಿಕೋನಿನ ಒಂದು ಬಿಲ್ಲೆ; ಅದರಲ್ಲಿ ಕೂದಲೆಳೆಯಂಥ ಸೀಳು. ಮಗು ಬಲವಾಗಿ ಚೀಪಿದಾಗ ಸೀಳು ತೆರೆದುಕೊಳ್ಳುವುದು, ಬಿಟ್ಟರೆ ಮುಚ್ಚಿಕೊಳ್ಳುವುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ಬೆಲ್ಯಾಂಜರ್ ಎಂಬ ಯಂತ್ರಶಿಲ್ಪಿ 1980ರ ದಶಕದಲ್ಲಿ, ತಮ್ಮ ಮಗು ಮನೆತುಂಬ ಚೆಲ್ಲುವುದನ್ನು ಒರೆಸಿ ಒರೆಸಿ ಬೇಸತ್ತು ಇಂಥ ಲೋಟವನ್ನು ರೂಪಿಸಿದರಂತೆ. ನೆಲಕ್ಕೆ ಹಾಸುಗಂಬಳಿ ಹೊದಿಸುವ ದೇಶದಲ್ಲಿ ಅದು ಸಹಜವೇ. ಒರೆಸಿದರೆ ಒಣಗುವ ಗಾರೆಯ ನೆಲದವರಿಗೆ ಅಷ್ಟು ಅವಸರವಿಲ್ಲ.

ಆ ಬಿಲ್ಲೆಯನ್ನು ಬಿಚ್ಚಿ ನೋಡಿದರೆ ಅದರ ಹಿಂದೆ ಹಾಲಿನ ಕೆನೆಯ ಒಂದು ಪದರ ನಿಂತಿರುತ್ತದೆ. ತೋಲ್ಪೆಟ್ಟಿಯ ಮಳೆಗಾಲವೆಂದರೆ ಗೋಡೆಯ ಮೇಲಿನ ಪಂಚಾಂಗಕ್ಕೂ ಬೂಷ್ಟು ಹಿಡಿಯುವ ಕಾಲ. ಜೂನಿನಲ್ಲಿ ತೊಳೆದಿಟ್ಟದ್ದು ಬೆಂಕಿಯ ಬಳಿ ಇಡದೆ ಒಣಗದು. ಅಂಥ ಹವೆಯಲ್ಲಿ ಈ ಪದರ ಎರಡು ದಿನದಲ್ಲಿ ಕಪ್ಪಾಗುವುದು ಆಶ್ಚರ್ಯವಲ್ಲ. ಒಣ ಹವೆಯ ನಾಡಿನಲ್ಲಿಯೂ ಇದು ನಡೆದದ್ದುಂಟು: 2016ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಒಂದು ಬಗೆಯ ಲೋಟಗಳ ಕವಾಟದಲ್ಲಿ ಬೂಷ್ಟು ಕಂಡುಬಂದು ಮೂವತ್ತು ಲಕ್ಷಕ್ಕೂ ಹೆಚ್ಚು ಲೋಟಗಳನ್ನು ಹಿಂದಕ್ಕೆ ಕರೆಸಿಕೊಂಡರು. ಓದಿ ಬರೆಯಬಲ್ಲ ತಾಯಿತಂದೆಗಳು ಕಣ್ಣಿಟ್ಟು ತೊಳೆದರೂ ಕಾಣದ ಬೂಷ್ಟು ಪೊರೆ ಬಂದ ಕಣ್ಣಿಗೆ ಕಾಣುವುದೆಂತು?

ಮತ್ತೊಂದು ಆಕ್ಷೇಪವನ್ನು ಅಮೆರಿಕದ ದಂತವೈದ್ಯ ಸಂಘದವರೇ ಎತ್ತಿದ್ದಾರೆ. ಚೆಲ್ಲದ ಲೋಟದಲ್ಲಿ ಮಗು ಕುಡಿಯುವುದಿಲ್ಲ, ಚೀಪುತ್ತದೆ. ಆದುದರಿಂದ ಅದು ಹೆಸರು ಬದಲಿಸಿಕೊಂಡ ಹಾಲಿನ ಸೀಸೆಯೇ ಹೊರತು ಬೇರೆಯಲ್ಲ. ಲೋಟವನ್ನು ಎಷ್ಟು ಬಾಗಿಸಿದರೆ ಎಷ್ಟು ನೀರು ಬರುವುದೆಂಬ ಲೆಕ್ಕವನ್ನು ಕೈ ಕಲಿಯಬೇಕಾದರೆ ಒಂದಿಷ್ಟು ಚೆಲ್ಲಲೇಬೇಕು. ಹದಿನೆಂಟು ತಿಂಗಳ ಹೊತ್ತಿಗೆ ಮುಚ್ಚಳವಿಲ್ಲದ ಲೋಟದಿಂದ ಅಷ್ಟಿಷ್ಟು ಚೆಲ್ಲಿಕೊಂಡು ಕುಡಿಯುವುದು ಮಕ್ಕಳ ಬೆಳವಣಿಗೆಯ ಲಕ್ಷಣಗಳಲ್ಲಿ ಒಂದೆಂದು ವೈದ್ಯರು ಎಣಿಸುತ್ತಾರೆ. ಅಕ್ಷರ ತಿದ್ದುವ ಮಗುವಿನ ಸ್ಲೇಟಿನಲ್ಲಿ ಗೀಚು ಇರಬಾರದೆಂದರೆ ಆದೀತೆ?

ಹಾಗೆಂದು ಮುಚ್ಚಳವೇ ಕೂಡದೆಂದು ನಾವು ವಾದಿಸುತ್ತಿಲ್ಲ. ಕುಟ್ಟದ ತಿರುವುಗಳಲ್ಲಿ ಬಸ್ಸು ಓಲಾಡುವಾಗ ತೆರೆದ ಲೋಟವನ್ನು ಹಿಡಿಯುವವರುಂಟೆ? ಕವಾಟವಿಲ್ಲದ, ಮೂತಿಯಲ್ಲಿ ಎರಡು ಮೂರು ತೂತುಗಳು ಮಾತ್ರವಿರುವ ಮುಚ್ಚಳದ ಲೋಟವೂ ದೊರೆಯುತ್ತದೆ. ಅದು ಮಗುಚಿದರೆ ತೊಟ್ಟಿಕ್ಕುತ್ತದೆ, ಧಾರೆಯಾಗಿ ಸುರಿಯುವುದಿಲ್ಲ. ಮುಚ್ಚಳವನ್ನು ತೆಗೆದರೆ ಸಾಧಾರಣ ಲೋಟ.

ಇನ್ನು ಲೋಹ, ಪ್ಲಾಸ್ಟಿಕ್ಕುಗಳ ವಿಚಾರ. ಪ್ಲಾಸ್ಟಿಕ್ ಲೋಟದ ತಳದಲ್ಲಿ ಮುಕ್ಕೋನದೊಳಗೆ ಒಂದು ಅಂಕಿಯಿರುತ್ತದೆ. 5 ಎಂದಿದ್ದರೆ ಪಾಲಿಪ್ರೊಪಿಲೀನ್, ಕುದಿನೀರನ್ನು ತಾಳಬಲ್ಲದು. 1 ಎಂದಿದ್ದರೆ ಬಿಸಿಗೆ ಸೊಟ್ಟಗಾಗುವುದು. ಗಾಜಿನಂತೆ ಹೊಳೆಯುವ ಪಾಲಿಕಾರ್ಬೊನೇಟನ್ನು ಹಾಲಿನ ಸೀಸೆಗಳಿಗೆ ಬಳಸಕೂಡದೆಂದು ಭಾರತೀಯ ಮಾನಕ ಸಂಸ್ಥೆಯು 2015ರಲ್ಲಿ ವಿಧಿಸಿತು. ಅಂಕಿಯೇ ಇಲ್ಲದ್ದನ್ನು ಜಾತ್ರೆಯಲ್ಲಿ ಎಷ್ಟು ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು. ಹಿತ್ತಾಳೆಗೆ ಕಲಾಯಿ ಬೇಕು, ಕಲಾಯಿಯವನು ಈಗ ಬರುವುದಿಲ್ಲ. ಸ್ಟೀಲು ಒಳ್ಳೆಯದು; ಬಿದ್ದರೆ ಒಡೆಯದು, ಬೂದಿ ಹಾಕಿ ತಿಕ್ಕಿದರೂ ಗೀರು ಬೀಳುವ ಭಯವಿಲ್ಲ. ಬಿಸಿ ಹಾಲು ಹಾಕಿದರೆ ಹೊರಮೈಯೂ ಬಿಸಿಯಾಗುವುದೆಂದು ಕೆಲವರು ಅದನ್ನು ದೂರುತ್ತಾರೆ. ನಮಗೆ ಅದೇ ಅದರ ಗುಣವಾಗಿ ಕಂಡಿತು: ಹಿಡಿದ ಅಜ್ಜಿಯ ಅಂಗೈಗೆ ಹಾಲಿನ ಕಾವು ತಿಳಿಯುತ್ತದೆ, ಪ್ಲಾಸ್ಟಿಕ್ಕಿನಲ್ಲಿ ತಿಳಿಯದು.

ಲೋಟದಲ್ಲಿ ಹಾಕುವುದೇನು ಎಂಬುದರ ಮೇಲೂ ಆಯ್ಕೆ ನಿಂತಿದೆ. ಈ ಕಡೆಯ ಹೋಟೆಲುಗಳಲ್ಲಿಯೂ ಮನೆಗಳಲ್ಲಿಯೂ ಪದಿಮುಗಂ ಚಕ್ಕೆ ಹಾಕಿ ಕುದಿಸಿದ ಗುಲಾಬಿ ಬಣ್ಣದ ನೀರನ್ನು ಕುಡಿಯುವುದು ರೂಢಿ. ಅದು ಬಟ್ಟೆಗೆ ಬಣ್ಣ ಕಟ್ಟಲು ಬಳಸುತ್ತಿದ್ದ ಮರವೇ ಆದುದರಿಂದ ಪ್ಲಾಸ್ಟಿಕ್ಕಿಗೂ ಬಣ್ಣ ಹಿಡಿಸುತ್ತದೆ. ಆಮೇಲೆ ಕೊಳೆಯಾವುದು, ಕಲೆಯಾವುದು ಎಂದು ತಿಳಿಯುವುದು ಕಷ್ಟ. ಮಗುವಿಗೆ ಬರಿಯ ಕುದಿಸಿ ಆರಿಸಿದ ನೀರೇ ಸಾಕು. ಅಂಗನವಾಡಿಯಿಂದ ಬರುವ ಅಮೃತಂ ನ್ಯೂಟ್ರಿಮಿಕ್ಸ್ ಪುಡಿಯ, ರಾಗಿಯ, ನೇಂದ್ರ ಬಾಳೆಯ ಪುಡಿಯ ಕುರುಕ್ಕು ಯಾವ ಮೂತಿಯಲ್ಲಿಯೂ ಇಳಿಯದು. ಇಳಿಯಲೆಂದು ನೀರು ಬೆರೆಸಿ ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುವುದು ನೀರಿನಿಂದ. ಗಂಜಿಗೆ ಬಟ್ಟಲೂ ಚಮಚವೂ ಇರಲಿ.

ದೊಡ್ಡ ಮಕ್ಕಳಿಗೂ ಈ ವಿಚಾರ ತಪ್ಪಿದ್ದಲ್ಲ. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ಕರ್ನಾಟಕವೂ ನೀರು ಕುಡಿಯುವ ಗಂಟೆಯನ್ನು ಕೈಗೊಂಡಿತಷ್ಟೆ. ಗಂಟೆ ಬಾರಿಸಿದಾಗ ಮಕ್ಕಳು ತೆಗೆಯುವ ಕೊಳವೆಯ ಸೀಸೆಗಳ ಮೂತಿಯನ್ನು, ಓದುಗ ಮಿತ್ರರು, ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು.

ಕಡೆಗೆ ಮಾನಂದವಾಡಿಯ ಪಾತ್ರೆಯಂಗಡಿಯಲ್ಲಿ, ಮಗುವಿನ ಎರಡು ಅಂಗೈಗಳೂ ಸುತ್ತ ಹಿಡಿಯುವಷ್ಟು ಸಣ್ಣ, ಬಾಯಿ ಅಗಲವಾದ, ಅಂಚು ಹೊರಕ್ಕೆ ಮಡಿಸಿದ ಸ್ಟೀಲು ಲೋಟವೊಂದನ್ನು ಕೊಂಡೆವು. ಬಸ್ಸಿನ ಪ್ರಯಾಣಕ್ಕೆ ತೂತಿನ ಮೂತಿಯದು ಒಂದು. ಅದರಲ್ಲಿ ನೀರಲ್ಲದೆ ಬೇರೇನನ್ನೂ ಹಾಕುವುದಿಲ್ಲ. ಬೆಂಗಳೂರಿನ ಉಡುಗೊರೆಯಿಂದ ಕವಾಟವನ್ನು ತೆಗೆದುಹಾಕಿ ಮಗುವಿಗೆ ಆಟಕ್ಕೆ ಕೊಟ್ಟೆವು. ತಾಯಿಯವರು ಸ್ಟೀಲು ಲೋಟದಲ್ಲಿ ಎರಡು ಬೆರಳು ಎತ್ತರಕ್ಕೆ ಮಾತ್ರ ನೀರು ಹಾಕಿ, ಮಗುವಿನ ಕೊರಳಿಗೆ ಹಳೆಯ ಪಂಚೆಯ ತುಂಡನ್ನು ಕಟ್ಟಿ, ತಳಕ್ಕೆ ತಮ್ಮ ಕೈ ಆನಿಸಿ ಕುಡಿಸಿದರು. ಮೊದಲ ವಾರ ಅರ್ಧ ಪಂಚೆಯ ಪಾಲಾಯಿತು. ಈಗ ಹದಿನೇಳನೆಯ ತಿಂಗಳು. ತಳಕ್ಕೆ ಆನಿಸಿದ ಅಜ್ಜಿಯ ಕೈಯನ್ನು ಮಗು ತಳ್ಳಿಬಿಡುತ್ತದೆ. ಕುಡಿದು ಉಳಿದದ್ದನ್ನು ನೆಲಕ್ಕೆ ಬಗ್ಗಿಸಿ, ಬೆಕ್ಕನ್ನು ಕರೆಯುತ್ತದೆ.