ಸೊಂಟಕ್ಕೆ ರಿವಾಲ್ವರ್ ಬೇಕಾ?

"ಅಡಿಕೆ ದುಡ್ಡು ತರೋದು, ಒಂಟಿ ಮನೆ, ಒಂದು ರಿವಾಲ್ವರ್ ಮಾಡಿಸೋಣ ಅಂತಿದೀನಿ. ಯಾವುದು ಒಳ್ಳೇದು?" ಈ ಕೊಯ್ಲಿನಲ್ಲಿ ಮೂರು ಜನ ಕೇಳಿದ್ದಾರೆ. ಒಬ್ಬೊಬ್ಬರಿಗೆ ಫೋನಲ್ಲಿ ಹೇಳೋ ಬದಲು ಇಲ್ಲೇ ಬರೀತೀನಿ.

ಹಂದಿ ಕಾಟಕ್ಕೆ ಅಂತಾದ್ರೆ ಆ ಮಾತು ಬಿಡಿ. 1959ರ ಆಯುಧ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಅಂತ ಹೇಳಿರೋದು ಮಸಿ ತುಂಬೋ ಕೋವಿ. ಸ್ವಂತ ರಕ್ಷಣೆಗೆ 20 ಇಂಚಿಗೆ ಕಮ್ಮಿ ಇಲ್ಲದ ನಳಿಗೆಯ ಚರೆ ಕೋವಿ. ರಿವಾಲ್ವರ್ ಕೇಳಿದ್ರೆ ಜೀವಕ್ಕೆ ಏನು ಬೆದರಿಕೆ ಅಂತ ಕಾರಣ ತೋರಿಸಬೇಕು, ಪೊಲೀಸ್ ವರದಿ ಆಗಬೇಕು. ಅಲ್ಲದೆ ಕತ್ತಲಲ್ಲಿ ಮೂರಿಂಚು ನಳಿಗೆ ಹಿಡಿದು ಹಂದಿ ಹಿಂದೆ ಹೋಗೋದು ಹುಡುಗಾಟ. ಓಡಿಸೋಕೆ ಗರ್ನಾಲು ಸಾಕು.

ನಿಜವಾಗಿ ಬೇಕಾದವರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗೋದು .32 ಬೋರ್, ಆರು ಗುಂಡಿಂದು. ಕಾನ್ಪುರದ ಹಳೇ ಮಾದರಿ ನಡು ಮುರಿದು ತುಂಬೋದು. 2014ರಲ್ಲಿ ಬಂದ ನಿರ್ಭೀಕ್ ಅರ್ಧ ಕೇಜಿ, ಆವಾಗಲೇ ಬೆಲೆ 1.22 ಲಕ್ಷ. ಹೆಂಗಸರ ಕೈಚೀಲಕ್ಕೆ ಅಂತ ಮಾಡಿದ್ದು. 2023ರ ಪ್ರಬಲ್ ಸುಮಾರು 675 ಗ್ರಾಂ, ಗುಂಡಿನ ಉರುಳೆ ಪಕ್ಕಕ್ಕೆ ತೆರೀತದೆ. ನನ್ನನ್ನ ಕೇಳಿದ್ರೆ ತೂಕ ಇರೋದೇ ವಾಸಿ. ಹಗುರದ್ದು ಹೊರೋಕೆ ಸುಖ, ಹೊಡೆಯೋವಾಗ ಕೈಯಲ್ಲಿ ಕುಣೀತದೆ. ಕುದುರೆ ಎತ್ತದೇ ಟ್ರಿಗರ್ ಒತ್ತಿದ್ರೆ ಬಹಳ ಬಿಗಿ, ಮೂತಿ ಅತ್ತಿತ್ತ ಹೋಗ್ತದೆ. ಹಾಗಾಗಿ ಅಂಗಡಿಯಲ್ಲಿ ಖಾಲಿ ಮಾಡಿಸಿ, ನಿಮ್ಮ ಬೆರಳಿಗೆ ಎಟುಕ್ತದಾ ನೋಡಿ. ನೆಂಟರ ಬೆರಳಿಗಲ್ಲ.

ಆಮೇಲೆ ಅಭ್ಯಾಸ. ತೋಟದಲ್ಲಿ ತೆಂಗಿನಕಾಯಿ ಇಟ್ಟು ಹೊಡೆಯೋ ಹಾಗಿಲ್ಲ, ರೇಂಜಿಗೇ ಹೋಗಬೇಕು. ವರ್ಷಕ್ಕೆ ಎಷ್ಟು ತೋಟಾ ಅಂತ ಲೈಸೆನ್ಸಲ್ಲೇ ಬರೆದಿರ್ತದೆ. ಪೊಲೀಸರ ನಾಗರಿಕ ಬಂದೂಕು ತರಬೇತಿಗೆ ನಾನೂ ಹೋಗಿದ್ದೆ. ಮೊದಲ ದಿನವೆಲ್ಲ ಗುಂಡೇ ಇಲ್ಲ. ಬೆರಳನ್ನ ಟ್ರಿಗರಿಂದ ಹೊರಗೆ ಇಡೋದು, ಮೂತಿ ಯಾರ ಕಡೆಗೂ ತಿರುಗಿಸದೇ ಇರೋದು, ಇದೇ ಪಾಠ. ಐವತ್ತು ದಾಟಿದವರಿಗೆ ಅದು ಬೇಜಾರು, ಆದ್ರೆ ಅದೇ ಮುಖ್ಯ.

ದಿನಾ ಸೊಂಟದಲ್ಲಿ ಅಂದ್ರಲ್ಲ, ನಮ್ಮ ಕೆಲಸ ಯೋಚಿಸಿ. ಗೊನೆ ಹೊರಬೇಕು, ಬಸಿಗಾಲುವೆ ಹಾರಬೇಕು, ಆರು ತಿಂಗಳು ಮಳೆ, ಮೈಯೆಲ್ಲ ಬೆವರು. ಹದಿನೈದು ದಿನ ಒರೆಸದೇ ಬಿಟ್ರೆ ತುಕ್ಕು. ಬಿಚ್ಚಿಟ್ರೆ ಬೀಗದೊಳಗೆ ಇಡಬೇಕು, ಮೊಮ್ಮಕ್ಕಳು ಬಂದಾಗ ಇನ್ನೂ ಹುಷಾರು. ಬೀಗದೊಳಗೆ ಇದ್ರೆ ಕಳ್ಳ ಬಂದಾಗ ಕೈಗೆ ಬರೋದು ಯಾವಾಗ? ಚುನಾವಣೆ ಬಂತಂದ್ರೆ ಠಾಣೆಗೆ ಒಪ್ಪಿಸಿ ಬರೋದು ಬೇರೆ.

ಇಬ್ಬರಿಗೆ ಬೇಡ ಅಂದೆ. ಮಂಡಿಯವರ ಹತ್ರ ದುಡ್ಡು ಖಾತೆಗೇ ಹಾಕಿಸ್ಕೊಳ್ಳಿ, ಎರಡು ನಾಯಿ ಸಾಕಿ ಅಂದೆ. ಮೂರನೆಯವರು ಕಾಡಂಚಿನಲ್ಲಿ ಒಬ್ಬರೇ ಇರೋ ಅಕ್ಕ. ಒಂದೇ ವರ್ಷದಲ್ಲಿ ಎರಡು ಸಲ ರಾತ್ರಿ ಅವರ ಬಾಗಿಲು ಮೀಟಿದ್ದಾರೆ. ಅವರಿಗೆ ಬೇಡ ಅನ್ನೋಕೆ ನನ್ನ ಬಾಯಿ ಬರಲಿಲ್ಲ. ಮೊದಲು ತರಬೇತಿ, ಆಮೇಲೆ ಅರ್ಜಿ ಅಂದೆ. ತರಬೇತಿ ಮುಗಿಸಿದ್ದಾರೆ, ಅರ್ಜಿ ಈಗ ಠಾಣೆಯಲ್ಲಿದೆ.