ನಂಬರ್ ಇಲ್ಲ ಅಂದ್ರೆ...

2025ರ ಮೇ 2, ಶುಕ್ರವಾರ. ಎಸ್‌ಎಸ್‌ಎಲ್‌ಸಿ ರಿಸಲ್ಟ್ ದಿನ. ಮಲ್ಲೇಶ್ವರದ ಅಕ್ಕನ ಮನೆಯಲ್ಲಿ ಬೆಳಗ್ಗೆಯಿಂದ ಯಾರೂ ನೆಟ್ಟಗೆ ತಿಂಡಿ ತಿಂದಿರಲಿಲ್ಲ. ಮಾಡಿಟ್ಟ ಉಪ್ಪಿಟ್ಟು ಬಾಣಲೆಯಲ್ಲೇ ಆರಿ ಗಟ್ಟಿಯಾಗಿತ್ತು. ಪತ್ರಿಕಾಗೋಷ್ಠಿ ಹನ್ನೊಂದೂವರೆಗೆ, ತಾಣದಲ್ಲಿ ಅಂಕ ಸಿಗೋದು ಹನ್ನೆರಡೂವರೆಗೆ ಅಂತ ಮೊದಲೇ ಹೇಳಿದ್ದರು. ತಮಾಷೆ ನೋಡಿ, ಪರೀಕ್ಷಾ ಮಂಡಳಿಯ ಕಚೇರಿ ಇರೋದು ಅಲ್ಲೇ 6ನೇ ಕ್ರಾಸಿನಲ್ಲಿ, ಅಕ್ಕನ ಮನೆಯಿಂದ ನಡೆದುಕೊಂಡು ಹೋಗುವಷ್ಟು ದೂರ. ಆದರೂ ಎಲ್ಲರ ಕಣ್ಣು ಅಂಗೈಯೊಳಗಿನ ಮೊಬೈಲ್ ಮೇಲೆ.

ಅಕ್ಕನ ಮಗಳಿಗೆ ತಡೆಯಲಿಲ್ಲ. ಹನ್ನೆರಡು ಗಂಟೆ ಸುಮಾರಿಗೇ ಹುಡುಕಿ ಯಾವುದೋ ಖಾಸಗಿ ತಾಣ ತೆರೆದು ನಂಬರ್ ಒತ್ತಿಬಿಟ್ಟಳು. ಈ ನಂಬರಿನ ದಾಖಲೆ ಇಲ್ಲ ಅಂತ ಕೆಂಪು ಅಕ್ಷರದಲ್ಲಿ ಬಂತು.

"ನಂಬರೇ ಇಲ್ವಂತೆ ಕಣೋ!" ಅಂತ ಅಕ್ಕ ಕುರ್ಚಿ ಮೇಲೆ ಕುಸಿದಳು. ಹುಡುಗಿ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

ಅಕ್ಕ ಯಾಕೆ ಹಾಗೆ ಹೆದರಿದಳು ಅಂತ ನನಗೆ ಗೊತ್ತು. ನಾವಿಬ್ಬರೂ ಓದಿದ್ದು ಚಾಮರಾಜಪೇಟೆಯಲ್ಲಿ. ಆಗ ರಿಸಲ್ಟ್ ಅಂದರೆ ಶಾಲೆಯ ನೋಟಿಸ್ ಬೋರ್ಡು. ನೂಕುನುಗ್ಗಲು ತಡೆಯೋಕಾಗದೆ ಅಟೆಂಡರ್ ಸ್ಟೂಲು ಹತ್ತಿ ನಿಂತು ನಂಬರುಗಳನ್ನ ಜೋರಾಗಿ ಓದ್ತಾ ಇದ್ದರು. ಪಟ್ಟಿಯಲ್ಲಿ ಇರ್ತಿದ್ದದ್ದು ಪಾಸಾದವರ ನಂಬರ್ ಮಾತ್ರ. ಅಕ್ಕನ ಪಕ್ಕದಲ್ಲಿ ನಿಂತಿದ್ದ ಗೆಳತಿಯ ನಂಬರ್ ಬರೋ ಹೊತ್ತಿಗೆ ಅವರು ಸೀದಾ ಅದರ ಮುಂದಿನದಕ್ಕೆ ಹಾರಿದರು. ಯಾರೂ ಫೇಲ್ ಅನ್ನಲಿಲ್ಲ, ಅನ್ನೋ ಅಗತ್ಯವೂ ಇರಲಿಲ್ಲ. ಆ ಹುಡುಗಿ ಯಾರಿಗೂ ಹೇಳದೆ ಗೇಟು ದಾಟಿ ಹೋದದ್ದನ್ನ ಅಕ್ಕ ಇವತ್ತಿಗೂ ಹೇಳ್ತಾಳೆ.

ನಾನು ಬಚ್ಚಲುಮನೆ ಬಾಗಿಲ ಹತ್ರ ನಿಂತು, "ಪುಟ್ಟೀ, ರಿಸಲ್ಟ್ ಇನ್ನೂ ಬಿಟ್ಟೇ ಇಲ್ಲ ಕಣೇ. ಬಿಡದೇ ಇದ್ರೆ ನಿನ್ನ ನಂಬರ್ ಎಲ್ಲಿಂದ ಬರತ್ತೆ?" ಅಂದೆ.

ಒಳಗಿಂದ, "ಹಾಗಿದ್ರೆ ಇನ್ನೂ ಬಿಟ್ಟಿಲ್ಲ ಅಂತ ಬರೀಬೇಕಲ್ವಾ ಮಾಮ?"

ಹೊಟ್ಟೆಪಾಡಿಗೆ ಇಂಥದ್ದೇ ಸಾಫ್ಟ್‌ವೇರ್ ಬರೆಯೋ ನನ್ನ ಹತ್ರ ಉತ್ತರ ಇರಲಿಲ್ಲ. ನಾವು ಪ್ರೋಗ್ರಾಮರುಗಳು 'ದಾಖಲೆ ಇಲ್ಲ' ಅಂತ ಒಂದೇ ವಾಕ್ಯ ಬರೆದು ಕೈತೊಳೆದುಕೊಳ್ತೀವಿ. ನಂಬರ್ ತಪ್ಪಾಗಿದ್ದರೂ ಅದೇ, ಫಲಿತಾಂಶ ಇನ್ನೂ ಬರದಿದ್ದರೂ ಅದೇ, ಒಳಗಡೆ ಏನೋ ಕೆಟ್ಟಿದ್ದರೂ ಅದೇ. ಓದೋ ಮಗುವಿಗೆ ಮೂರೂ ಬೇರೆ ಬೇರೆ ಅನ್ನೋದು ನಮಗೆ ಹೊಳೆಯೋದೇ ಇಲ್ಲ.

ಸರ್ವರ್ ವಿಷಯಕ್ಕೆ ಬಂದರೆ, ರಿಸಲ್ಟ್ ನಿಜಕ್ಕೂ ಸುಲಭದ ಲೆಕ್ಕ. ಆ ವರ್ಷ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು. ಒಮ್ಮೆ ಪ್ರಕಟವಾದ ಅಂಕ ಆ ಮಧ್ಯಾಹ್ನದ ಮಟ್ಟಿಗೆ ಬದಲಾಗಲ್ಲ. ಹಾಗಾಗಿ ಕೇಳಿದಾಗಲೆಲ್ಲ ಡೇಟಾಬೇಸ್ ಕೆದಕೋದು ಬೇಡ. ಹಿಂದಿನ ರಾತ್ರಿಯೇ ಒಬ್ಬೊಬ್ಬರ ಪುಟ ತಯಾರಿಸಿ, ನಾಲ್ಕು ಕಡೆ ನಕಲು ಇಟ್ಟು, ಸಮಯಕ್ಕೆ ಸರಿಯಾಗಿ ಬೀಗ ತೆಗೆದರಾಯ್ತು. ಮಕ್ಕಳ ಮೊಬೈಲಿಗೆ ನಾವೇ ಎಸ್ಸೆಮ್ಮೆಸ್ ಕಳಿಸಿದರೆ ಬಾಗಿಲಿಗೆ ಬರೋ ಜನವೇ ಅರ್ಧ ಕಮ್ಮಿ. ನಮ್ಮ ಅಟೆಂಡರ್ ಸ್ಟೂಲು ಹತ್ತಿ ಮಾಡಿದ್ದು ಇದನ್ನೇ ತಾನೇ :-)

ಕಷ್ಟ ಇರೋದು ಜನರಿಂದ ಅರ್ಜಿ ತುಂಬಿಸಿಕೊಳ್ಳೋ ಕಡೆ. ಅಮೆರಿಕದಂಥ ಅಮೆರಿಕದಲ್ಲೇ 2013ರ ಅಕ್ಟೋಬರ್ 1ರಂದು ಆರೋಗ್ಯ ವಿಮೆಯ ಸರಕಾರಿ ತಾಣ ತೆರೆದಾಗ ಮೊದಲ ದಿನ ನೋಂದಣಿ ಮುಗಿಸಿದ್ದು ಆರೇ ಜನ! ನಮ್ಮಲ್ಲಿ 2023ರ ಜೂನಿನಲ್ಲಿ ಗೃಹಜ್ಯೋತಿ ಅರ್ಜಿಗೆ ಜನ ಮುಗಿಬಿದ್ದು ಸೇವಾಸಿಂಧು ಏದುಸಿರು ಬಿಟ್ಟಿದ್ದು ನಿಮಗೂ ನೆನಪಿರಬಹುದು. ಮುಂದಿನ ತಿಂಗಳು ಗೃಹಲಕ್ಷ್ಮಿಗೆ ಮಾತ್ರ ಜಾಣತನ ಮಾಡಿದರು. ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಅಂತ ಎಸ್ಸೆಮ್ಮೆಸ್ಸಿನಲ್ಲೇ ತಿಳಿಸಿದರು. ರೇಷನ್ ಅಂಗಡಿ ಸಾಲು ಕಂಡವರಿಗೆ ಇದೇನು ಹೊಸದಲ್ಲ. ನಿಮ್ಮ ಸರದಿ ಇಷ್ಟು ಹೊತ್ತಿಗೆ ಅಂದರೆ ಜನ ಕಾಯ್ತಾರೆ. ಏನೂ ಹೇಳದೆ ಬಿಳಿ ಪರದೆ ತೋರಿಸಿದರೆ ಮತ್ತೆ ಮತ್ತೆ ಒತ್ತುತ್ತಾರೆ, ಸರ್ವರ್ ಇನ್ನಷ್ಟು ಕುಸಿಯತ್ತೆ. ದೊಡ್ಡ ಯಂತ್ರ ಕೊಂಡರೆ ಇದು ಸರಿಹೋಗಲ್ಲ ಅಂತ ಎಷ್ಟು ಮೀಟಿಂಗಿನಲ್ಲಿ ಹೇಳಿದೀನೋ ಲೆಕ್ಕ ಇಲ್ಲ.

ಹನ್ನೆರಡೂವರೆ ದಾಟಿದ ಮೇಲೆ ಎನ್‌ಐಸಿ ತಾಣದಲ್ಲಿ ನಂಬರು, ಹುಟ್ಟಿದ ದಿನಾಂಕ ಹಾಕಿದೆವು. ಪಾಸ್! ಗಣಿತದಲ್ಲಿ ಅವಳು ಅಂದುಕೊಂಡಿದ್ದಕ್ಕಿಂತ ಒಂಬತ್ತು ಅಂಕ ಹೆಚ್ಚೇ ಬಂದಿತ್ತು. ಆ ಸಲ ರಾಜ್ಯದಲ್ಲಿ ಪಾಸಾದವರು ಶೇ. 62.34. ಮಿಕ್ಕವರ ಮನೆಗಳಲ್ಲಿ ಯಾವ್ಯಾವ ಬಾಗಿಲಿಗೆ ಚಿಲಕ ಬಿತ್ತೋ ಏನೋ. ಅವರಿಗೂ ಆವತ್ತೇ ಮುಂದಿನ ಪರೀಕ್ಷೆ ಇದೆ, ಹೀಗೆ ಅರ್ಜಿ ಹಾಕಿ ಅಂತ ಅದೇ ಪುಟದಲ್ಲಿ, ಅಂಕದ ಕೆಳಗೇ, ಕನ್ನಡದಲ್ಲಿ ಒಂದು ಸಾಲು ಹಾಕೋಕೆ ಎಷ್ಟು ಹೊತ್ತು ಬೇಕು?

ಉಪ್ಪಿಟ್ಟು ಬಿಸಿ ಮಾಡಿ ತಿಂದಿದ್ದಾಯ್ತು. ಸಂಜೆ ನಾನು ಹೊರಡೋ ಹೊತ್ತಿಗೆ ಅಕ್ಕ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಆ ನಂಬರ್ ಒತ್ತುತ್ತಾ ಕೂತಿದ್ದಳು, ಇನ್ನೂ ಇದೆಯಾ ಅಂತ.