ಹಳೆಯ ಹೋಟೆಲಿನ ಸದ್ದು

ಮಕ್ಕಳೇ, ದೆವ್ವದ ಕಥೆ ಕೇಳಲು ನಿಮಗೆ ಇಷ್ಟವಲ್ಲವೇ? ಉತ್ತರಾಖಂಡದ ಮಸ್ಸೂರಿ ಬೆಟ್ಟದಲ್ಲಿ ಸವಾಯ್ ಎಂಬ ಹೋಟೆಲಿದೆ. ಅದು ಪ್ರಾರಂಭವಾದುದು 1902ರಲ್ಲಿ. ಆಗ ಪಿಯಾನೋವನ್ನು ಕೂಡ ಎತ್ತಿನ ಗಾಡಿಯಲ್ಲೇ ಬೆಟ್ಟಕ್ಕೆ ತಂದರು! 1911ರಲ್ಲಿ ಅಲ್ಲಿ ತಂಗಿದ್ದ ಮಹಿಳೆಯೊಬ್ಬರು ವಿಷದಿಂದ ತೀರಿಕೊಂಡರು. ಅದು ಹೇಗಾಯಿತೆಂದು ಕೊನೆಗೂ ತಿಳಿಯಲಿಲ್ಲ. ತಿಳಿಯದ ಕಡೆ ಕಥೆ ಹುಟ್ಟಿತು. ಅವರು ಇಂದಿಗೂ ಅಲ್ಲಿ ಓಡಾಡುತ್ತಾರಂತೆ!

ನಾನು ಆ ಹೋಟೆಲನ್ನು ನೋಡಲು ಹೋದಾಗ ಸಂಜೆಯಾಗಿತ್ತು. ಎಲ್ಲಿಂದಲೋ 'ಕಿರ್' ಎಂಬ ಸದ್ದು! ನನ್ನ ಎದೆ ಡವಡವ ಹೊಡೆದುಕೊಂಡಿತು. ನಿಂತು ಕಿವಿಗೊಟ್ಟೆ. ಹಗಲಿನ ಬಿಸಿಲಿಗೆ ಹಿಗ್ಗಿದ ಮರದ ಹಲಗೆ ಸಂಜೆಯ ಚಳಿಗೆ ಕುಗ್ಗುತ್ತಿತ್ತು. ಸದ್ದು ಅದರದೇ!

ನಿಮ್ಮ ಊರಿನಲ್ಲೂ ಜನ ಹೆದರುವ ಹಳೆಯ ಮನೆಯಿದೆಯೇ? ಹಿರಿಯರೊಡನೆ ಹೋಗಿ ನೋಡಿ. ಅದನ್ನು ಕಟ್ಟಿದವರು ಯಾರು, ಅಲ್ಲಿ ಬಾಳಿದವರು ಯಾರು ಎಂದು ಕೇಳಿ. ತಿಳಿದಷ್ಟೂ ಹೆದರಿಕೆ ಕಡಿಮೆಯಾಗುತ್ತದೆ.